ಬೊಜ್ಜು, ಸೇನಾ ಭರ್ತಿ ಮತ್ತು ಶಾಲೆಯ ಊಟ: ಒಂದು ಐತಿಹಾಸಿಕ ನೋಟ



ಯುವಕರಿಗೆ ಬೊಜ್ಜು ಬಂದರೆ ದೇಶದ ಭದ್ರತೆಗೇ ಅಪಾಯ ಎಂದು ಯಾರಾದರೂ ಹೇಳಿದರೆ ನಿಮಗೆ ನಗು ಬರಬಹುದು. ಬೊಜ್ಜು ಎಂದಾಗ ನಮಗೆ ನೆನಪಾಗುವುದು ಸಕ್ಕರೆ ಕಾಯಿಲೆ, ಮಂಡಿನೋವು, ಬಿ.ಪಿ. ಮಾತ್ರೆ. ಬಂದೂಕು, ಗಡಿ, ಸಿಪಾಯಿ ಇವುಗಳಿಗೂ ಅದಕ್ಕೂ ಏನು ಸಂಬಂಧ? ಆದರೆ 2010ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ನಿವೃತ್ತ ಸೇನಾಧಿಕಾರಿಗಳ ಸಂಘಟನೆಯಾದ ‘ಮಿಷನ್: ರೆಡಿನೆಸ್’ ಇದೇ ಮಾತನ್ನು ಗಂಭೀರವಾಗಿ ಮುಂದಿಟ್ಟಿತು. ಅವರ ವರದಿಯ ಹೆಸರೇ ‘ಟೂ ಫ್ಯಾಟ್ ಟು ಫೈಟ್’, ಅಂದರೆ ಕಾದಾಡಲಾಗದಷ್ಟು ದಪ್ಪ. 17ರಿಂದ 24 ವಯಸ್ಸಿನ ಅಮೆರಿಕನ್ನರಲ್ಲಿ ಶೇ. 27ರಷ್ಟು ಮಂದಿ, ಅಂದರೆ ಸುಮಾರು 90 ಲಕ್ಷ ಯುವಕ ಯುವತಿಯರು, ತೂಕ ಹೆಚ್ಚಾದ ಕಾರಣಕ್ಕೇ ಸೇನೆಗೆ ಸೇರಲು ಅನರ್ಹರು ಎಂದು ಅದರಲ್ಲಿ ಹೇಳಲಾಗಿತ್ತು.

ಈ ಜನರಲ್‌ಗಳು ಸರ್ಕಾರದ ಮುಂದಿಟ್ಟ ಬೇಡಿಕೆ ಏನು ಗೊತ್ತೆ? ಹೊಸ ಶಸ್ತ್ರಾಸ್ತ್ರವಲ್ಲ, ಹೆಚ್ಚಿನ ಸಂಬಳವೂ ಅಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಮಧ್ಯಾಹ್ನದ ಊಟವನ್ನು ಸರಿಪಡಿಸಿ ಎಂದರು! ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ಸೇನಾ ಭರ್ತಿ ಕಚೇರಿಗೂ ಶಾಲೆಯ ಅಡುಗೆಮನೆಗೂ ಇರುವ ನಂಟು ನೂರು ವರ್ಷಕ್ಕಿಂತ ಹಳೆಯದು. ಅಂದು ಇದ್ದ ಚಿಂತೆ ಮಾತ್ರ ದಪ್ಪ ದೇಹದ್ದಲ್ಲ, ಎಲುಬು ಕಾಣುವ ದೇಹದ್ದು.

1899ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಆರಂಭವಾಯಿತು. ಬೋಯರರು ಡಚ್ ಮೂಲದ ರೈತರು. ಅವರಿಗೆ ದೊಡ್ಡ ಸೈನ್ಯವಿರಲಿಲ್ಲ. ಆದರೂ ಸೂರ್ಯ ಮುಳುಗದ ಸಾಮ್ರಾಜ್ಯ ಎನಿಸಿಕೊಂಡ ಬ್ರಿಟನ್ನಿಗೆ ಅವರನ್ನು ಮಣಿಸಲು 1902ರ ಮೇ ತಿಂಗಳವರೆಗೆ ಬೇಕಾಯಿತು, ನಾಲ್ಕು ಲಕ್ಷಕ್ಕೂ ಮಿಕ್ಕಿ ಸೈನಿಕರೂ ಬೇಕಾದರು. (ಸೆರೆಸಿಕ್ಕ ಬೋಯರರಲ್ಲಿ ಸಾವಿರಾರು ಮಂದಿಯನ್ನು ಹಡಗಿನಲ್ಲಿ ಹಿಂದೂಸ್ತಾನಕ್ಕೆ ಕಳುಹಿಸಲಾಗಿತ್ತು. ನಮ್ಮ ಬಳ್ಳಾರಿಯಲ್ಲೂ ಅವರ ಕ್ಯಾಂಪ್ ಇತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.) ಅಷ್ಟು ಸೈನಿಕರನ್ನು ಎಲ್ಲಿಂದ ತರಬೇಕು? ಕಾರ್ಖಾನೆಗಳ ನಗರವಾದ ಮ್ಯಾಂಚೆಸ್ಟರಿನಲ್ಲಿ ಸುಮಾರು 11,000 ಮಂದಿ ಸೇನೆಗೆ ಸೇರಲು ಮುಂದೆ ಬಂದರೆ, ಅವರಲ್ಲಿ ಸುಮಾರು 8,000 ಮಂದಿಯನ್ನು ದೈಹಿಕವಾಗಿ ಅಯೋಗ್ಯರೆಂದು ವಾಪಸು ಕಳುಹಿಸಬೇಕಾಯಿತು. ಕುಳ್ಳ ದೇಹ, ಸಪೂರ ಎದೆ, ಹುಳುಕು ಹಲ್ಲು, ರಿಕೆಟ್ಸ್‌ನಿಂದ ಬಾಗಿದ ಕಾಲು, ದುರ್ಬಲ ಹೃದಯ ಇವೇ ಕಾರಣಗಳು. ಮ್ಯಾಂಚೆಸ್ಟರಿನ ಈ ಲೆಕ್ಕವನ್ನು ಪತ್ರಕರ್ತ ಆರ್ನಾಲ್ಡ್ ವೈಟ್ 1901ರಲ್ಲಿ ತನ್ನ ಪುಸ್ತಕದಲ್ಲಿ ಬರೆದು ಗಲಾಟೆ ಎಬ್ಬಿಸಿದ. 1902ರ ಜನವರಿಯಲ್ಲಿ ಮೇಜರ್ ಜನರಲ್ ಫ್ರೆಡರಿಕ್ ಮಾರಿಸ್, ‘ಮೈಲ್ಸ್’ ಎಂಬ ಗುಪ್ತನಾಮದಲ್ಲಿ, ಸೇನೆಗೆ ಸೇರಬಯಸುವ ಐವರಲ್ಲಿ ಇಬ್ಬರು ಮಾತ್ರ ಎರಡು ವರ್ಷದ ನಂತರ ನಿಜವಾದ ಸೈನಿಕರಾಗಿ ಉಳಿಯುತ್ತಾರೆ ಎಂದು ಬರೆದ.

ಈಗ ನೀವು ಗಮನಿಸಬೇಕಾದದ್ದು ಒಂದಿದೆ. ಆ ಎಂಟು ಸಾವಿರ ಯುವಕರು ಒಂದೇ ರಾತ್ರಿಯಲ್ಲಿ ದುರ್ಬಲರಾದವರಲ್ಲ. ಇಪ್ಪತ್ತು ವರ್ಷಗಳಿಂದ ಅವರು ಅದೇ ಓಣಿಗಳಲ್ಲಿ, ಅದೇ ಹೊಗೆಯಲ್ಲಿ, ಬ್ರೆಡ್ಡು ಚಹಾದ ಮೇಲೆ ಬೆಳೆದಿದ್ದರು. ಯಾರೂ ಅವರನ್ನು ಅಳೆದಿರಲಿಲ್ಲ, ತೂಗಿರಲಿಲ್ಲ. ಗಿರಣಿಯ ಯಂತ್ರದ ಮುಂದೆ ದಿನಕ್ಕೆ ಹತ್ತು ತಾಸು ನಿಲ್ಲಲು ಅವರ ದೇಹ ಸಾಕಾಗಿತ್ತು. ಸೇನೆಯ ತಕ್ಕಡಿ ಏರಿದ ದಿನ ಮಾತ್ರ ಸರ್ಕಾರದ ಕಣ್ಣಿಗೆ ಅವರು ಕಂಡರು. 1901ರಲ್ಲೇ ಸೀಬೋಮ್ ರೌಂಟ್ರೀ ಎಂಬ ಸಂಶೋಧಕ ಯಾರ್ಕ್ ನಗರದ ಮನೆಮನೆ ಸಮೀಕ್ಷೆ ಪ್ರಕಟಿಸಿ, ಅಲ್ಲಿನ ಜನಸಂಖ್ಯೆಯ ಶೇ. 28ರಷ್ಟು ಮಂದಿ ಬಡತನದಲ್ಲಿದ್ದಾರೆ ಎಂದು ತೋರಿಸಿದ್ದ. ಆದರೆ ಬಡವನ ಹಸಿವಿನ ಲೆಕ್ಕಕ್ಕಿಂತ ಸೈನಿಕನ ಎದೆಯಳತೆಯ ಲೆಕ್ಕ ಸಂಸತ್ತಿನಲ್ಲಿ ಬೇಗ ಕೇಳಿಸುತ್ತದೆ.

ಆಮೇಲೆ ಎರಡು ಬಗೆಯ ಉತ್ತರಗಳು ಬಂದವು. ಬಡವರ ತಳಿಯೇ ಕೆಟ್ಟುಹೋಗುತ್ತಿದೆ, ಅದು ರಕ್ತದಲ್ಲೇ ಇಳಿದು ಬರುವ ದೋಷ ಎಂದು ಕೆಲವರು ಹೇಳಿದರು. ಸೇನಾ ವೈದ್ಯಕೀಯ ಸೇವೆಯ ಮುಖ್ಯಸ್ಥ ಸರ್ ವಿಲಿಯಂ ಟೇಲರ್ ಸಲ್ಲಿಸಿದ ಟಿಪ್ಪಣಿಯ ನಂತರ, 1903ರ ಸೆಪ್ಟೆಂಬರ್‌ನಲ್ಲಿ ಅಲ್ಮೆರಿಕ್ ಫಿಟ್ಜ್‌ರಾಯ್ ಅಧ್ಯಕ್ಷತೆಯಲ್ಲಿ ‘ದೈಹಿಕ ಅವನತಿ’ ಕುರಿತು ಒಂದು ಸಮಿತಿ ನೇಮಕವಾಯಿತು. 1904ರಲ್ಲಿ ಬಂದ ಅದರ ವರದಿ ತಳಿಯ ಮಾತನ್ನು ಒಪ್ಪಲಿಲ್ಲ. ವಂಶಪಾರಂಪರ್ಯ ಅವನತಿಗೆ ಪುರಾವೆಯಿಲ್ಲ. ಕೆಟ್ಟ ಆಹಾರ, ಇಕ್ಕಟ್ಟಾದ ಮನೆ, ಕೊಳಕು ಗಾಳಿ, ಅಜ್ಞಾನ ಇವೇ ಕಾರಣ ಎಂದಿತು. ಈ ಒಂದು ತೀರ್ಮಾನಕ್ಕಾಗಿಯೇ ಆ ವರದಿಯನ್ನು ನಾವು ಗೌರವದಿಂದ ನೆನೆಯಬೇಕು. ಅದೇ ವರದಿ ತಾಯಂದಿರ ಅಡುಗೆಯ ಅಜ್ಞಾನವನ್ನು ಬೇಕಾದ್ದಕ್ಕಿಂತ ಹೆಚ್ಚೇ ದೂರಿತು. ಸಂಬಳ ಕಡಿಮೆ ಎಂಬ ಮಾತಿಗಿಂತ ಸಾರು ಮಾಡಲು ಬರುವುದಿಲ್ಲ ಎಂಬ ಮಾತು ಹೇಳುವುದು ಸುಲಭವಲ್ಲವೆ?

ಶಿಕ್ಷಕರಾದ ನಮಗೆ ಕುತೂಹಲ ಹುಟ್ಟಿಸುವ ಸಂಗತಿಯೂ ಇಲ್ಲಿದೆ. 1902ರಲ್ಲಿ ಬ್ರಿಟನ್ನಿನ ಶಿಕ್ಷಣ ಮಂಡಳಿ ಯುದ್ಧ ಇಲಾಖೆಯೊಂದಿಗೆ ಸೇರಿ ಶಾಲೆಗಳಿಗೆ ಒಂದು ವ್ಯಾಯಾಮ ಪಠ್ಯಕ್ರಮ ಹೊರಡಿಸಿತು. ಅದು ಹೆಚ್ಚೂಕಡಿಮೆ ಸೈನ್ಯದ ಕವಾಯತೇ. ಹಸಿದ ಹೊಟ್ಟೆಯ ಮಕ್ಕಳನ್ನು ಮೈದಾನದಲ್ಲಿ ‘ಲೆಫ್ಟ್ ರೈಟ್’ ಹಾಕಿಸಿದರೆ ಅವರು ಬಲಿಷ್ಠರಾಗುತ್ತಾರೆಯೆ? ಟೀಕೆ ಬಂದು, 1904ರಲ್ಲಿ ಮಕ್ಕಳಿಗೆ ತಕ್ಕ ಬೇರೆ ಪಠ್ಯಕ್ರಮ ಬಂತು. ನಮ್ಮ ಶಾಲೆಗಳ ‘ಡ್ರಿಲ್ ಪೀರಿಯಡ್’ ಎಂಬ ಹೆಸರೂ ಕವಾಯತಿನ ಮೈದಾನದಿಂದಲೇ ಬಂದದ್ದು. ಉರ್ದುವಿನಲ್ಲಿ ತಾಲೀಮ್ ಎಂದರೆ ವಿದ್ಯೆ; ನಮ್ಮ ಉತ್ತರ ಕರ್ನಾಟಕದ ಕನ್ನಡದಲ್ಲಿ ತಾಲೀಮು ಎಂದರೆ ಪೈಲ್ವಾನರ ಕಸರತ್ತು, ಗರಡಿ. ಒಂದೇ ಶಬ್ದ ತಲೆಗೂ ತೋಳಿಗೂ ಸಲ್ಲುತ್ತದೆ. ಆದರೆ ತಾಲೀಮಿಗೆ ಹೋಗುವ ಪೈಲ್ವಾನನಿಗೆ ಮೊದಲು ಹಾಲು, ಬಾದಾಮಿ, ಖುರಾಕು ಬೇಕು ಎಂಬುದು ನಮ್ಮ ಉಸ್ತಾದರಿಗೆ ಯಾವ ವರದಿ ಓದದೆಯೂ ಗೊತ್ತಿತ್ತು.

ಈ ಮಾತಿಗೆ ಲೆಕ್ಕದ ಸಾಕ್ಷಿ ಸಿಕ್ಕಿದ್ದು ಬ್ರಾಡ್‌ಫರ್ಡ್ ನಗರದಲ್ಲಿ. ಶಾಲಾ ಊಟಕ್ಕೆ ಅವಕಾಶ ಕೊಡುವ ಕಾಯಿದೆ 1906ರಲ್ಲಿ, ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಯ ಕಾಯಿದೆ 1907ರಲ್ಲಿ ಬಂದವು. 1907ರ ಬೇಸಿಗೆಯಲ್ಲಿ ಬ್ರಾಡ್‌ಫರ್ಡಿನ ಗ್ರೀನ್ ಲೇನ್ ಶಾಲೆಯಲ್ಲಿ ಸುಮಾರು 40 ಬಡಮಕ್ಕಳಿಗೆ ಕೆಲವು ತಿಂಗಳ ಕಾಲ ದಿನವೂ ಊಟ ಕೊಟ್ಟು ತೂಕ ನೋಡಲಾಯಿತು. ಶಾಲಾ ವೈದ್ಯಾಧಿಕಾರಿ ರಾಲ್ಫ್ ಕ್ರೌಲಿ. ಹೆಡ್‌ಮಾಸ್ತರ್ ಜೊನಾಥನ್ ಪ್ರೀಸ್ಟ್ಲಿ, ಮುಂದೆ ಹೆಸರಾದ ಲೇಖಕ ಜೆ.ಬಿ. ಪ್ರೀಸ್ಟ್ಲಿಯವರ ತಂದೆ. ಊಟ ಸಿಕ್ಕ ವಾರಗಳಲ್ಲಿ ಮಕ್ಕಳ ತೂಕ ಏರಿತು. ನಡುವೆ ಶಾಲೆಗೆ ರಜೆ ಬಂದಾಗ ಇಳಿಯಿತು. ಮತ್ತೆ ಊಟ ಶುರುವಾದಾಗ ಏರಿತು. ಕಾಗದದ ಮೇಲೆ ಎಳೆದ ಆ ಗೆರೆ ಏರಿ, ಇಳಿದು, ಮತ್ತೆ ಏರಿದ್ದನ್ನು ಕಂಡ ಮೇಲೆ ತಳಿಯ ವಾದಕ್ಕೆ ಏನು ಉಳಿಯಿತು? ರಜೆಯಲ್ಲಿ ರಕ್ತ ಬದಲಾಗುವುದಿಲ್ಲವಷ್ಟೆ.

ಹಾಗೆಂದು ಒಂದು ಕಾಯಿದೆಯಿಂದ ಒಂದು ತಲೆಮಾರು ಬದಲಾಗಲಿಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷದಲ್ಲಿ ಬ್ರಿಟನ್ನಿನಲ್ಲಿ ಸುಮಾರು 24 ಲಕ್ಷ ಗಂಡಸರ ತಪಾಸಣೆ ನಡೆದಾಗ, ಪೂರ್ಣ ಆರೋಗ್ಯದ ಮೊದಲ ದರ್ಜೆಗೆ ಸೇರಿದವರು ಶೇ. 36 ಮಾತ್ರ. 1918ರಲ್ಲಿ ಅದೇ ಮ್ಯಾಂಚೆಸ್ಟರಿನಲ್ಲಿ ಮಾತನಾಡಿದ ಪ್ರಧಾನಿ ಲಾಯ್ಡ್ ಜಾರ್ಜ್, ಮೂರನೇ ದರ್ಜೆಯ ಜನರನ್ನಿಟ್ಟುಕೊಂಡು ಒಂದನೇ ದರ್ಜೆಯ ಸಾಮ್ರಾಜ್ಯ ನಡೆಸಲಾಗದು ಎಂಬ ಅರ್ಥದ ಮಾತು ಹೇಳಿದರು.

ಇನ್ನು ಅಮೆರಿಕಕ್ಕೆ ಬರೋಣ. 1940ರಲ್ಲಿ ಅಲ್ಲಿ ಕಡ್ಡಾಯ ಸೇನಾ ಭರ್ತಿ ಆರಂಭವಾದಾಗ ಕನಿಷ್ಠ ಎತ್ತರ 5 ಅಡಿ, ಕನಿಷ್ಠ ತೂಕ 105 ಪೌಂಡ್, ಅಂದರೆ ಸುಮಾರು 48 ಕಿಲೋ. ಇಂದು ತೂಕದ ಮೇಲಿನ ಮಿತಿಯ ಬಗ್ಗೆ ಚಿಂತಿಸುವ ದೇಶ ಅಂದು ಕೆಳಗಿನ ಮಿತಿಯ ಬಗ್ಗೆ ಚಿಂತಿಸುತ್ತಿತ್ತು! ಮೊದಲ ತಿಂಗಳುಗಳಲ್ಲಿ ಅತಿ ಹೆಚ್ಚು ಯುವಕರು ತಿರಸ್ಕೃತರಾದದ್ದು ಕೆಟ್ಟ ಹಲ್ಲುಗಳಿಂದಾಗಿ. 1941ರ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಕ್ಷಣೆಗಾಗಿ ಪೌಷ್ಟಿಕತೆ ಎಂಬ ರಾಷ್ಟ್ರೀಯ ಸಮ್ಮೇಳನ ಕರೆದರು. ಸೇನಾ ಭರ್ತಿಯ ಮುಖ್ಯಸ್ಥ ಜನರಲ್ ಲೂಯಿಸ್ ಹರ್ಷಿ 1945ರಲ್ಲಿ ಸಂಸತ್ತಿನ ಸಮಿತಿಯ ಮುಂದೆ, ಬಾಲ್ಯದ ಅಪೌಷ್ಟಿಕತೆಯಿಂದ ದೇಶ ಎಷ್ಟೋ ಸೈನಿಕರನ್ನು ಕಳೆದುಕೊಂಡಿತು ಎಂದು ಸಾಕ್ಷಿ ನುಡಿದರು. 1946ರ ಜೂನ್ 4ರಂದು ಅಧ್ಯಕ್ಷ ಟ್ರೂಮನ್ ರಾಷ್ಟ್ರೀಯ ಶಾಲಾ ಊಟದ ಕಾಯಿದೆಗೆ ಸಹಿ ಹಾಕಿದರು. ಇದು ರಾಷ್ಟ್ರೀಯ ಭದ್ರತೆಯ ಕ್ರಮ ಎಂದು ಆ ಕಾಯಿದೆಯೇ ಹೇಳುತ್ತದೆ.

ಆ ಕಾಯಿದೆಗೆ ಎರಡನೇ ಉದ್ದೇಶವೂ ಇತ್ತು: ರೈತರು ಬೆಳೆದು ಮಿಕ್ಕಿದ ಸರಕನ್ನು ಖರ್ಚು ಮಾಡುವುದು. ಮಗುವಿಗೆ ಬೇಕಾದದ್ದು ಮತ್ತು ಗೋದಾಮಿನಲ್ಲಿ ಮಿಕ್ಕಿದ್ದು ಯಾವಾಗಲೂ ಒಂದೇ ಆಗಿರುವುದಿಲ್ಲ. ವರ್ಷಗಳು ಉರುಳಿದಂತೆ ಚೀಸು, ಮಾಂಸ, ಬೆಣ್ಣೆ ತಟ್ಟೆಯಲ್ಲಿ ತುಂಬಿಕೊಂಡವು. 1981ರಲ್ಲಿ ಶಾಲಾ ಊಟದ ಅನುದಾನ ಕಡಿತಗೊಂಡಾಗ, ಕೆಚಪ್ಪನ್ನೂ ತರಕಾರಿಯ ಲೆಕ್ಕಕ್ಕೆ ಸೇರಿಸಬಹುದಾದ ನಿಯಮವೊಂದು ಪ್ರಸ್ತಾಪವಾಗಿ, ಜನ ನಕ್ಕ ಮೇಲೆ ಹಿಂದೆ ಸರಿಯಿತು. 2011ರಲ್ಲಿ ಮತ್ತೆ ಸಂಸತ್ತು ಪಿಜ್ಜಾದ ಮೇಲಿನ ಟೊಮೆಟೊ ಪೇಸ್ಟ್ ತರಕಾರಿಯಾಗಿಯೇ ಲೆಕ್ಕಕ್ಕೆ ಬರುವಂತೆ ನೋಡಿಕೊಂಡಿತು. ಹಣದ ಕೊರತೆಯಿದ್ದ ಶಾಲೆಗಳು ತಂಪು ಪಾನೀಯದ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಯಂತ್ರಗಳನ್ನು ಕಾರಿಡಾರಿನಲ್ಲಿ ನಿಲ್ಲಿಸಿದವು. ಸಪೂರ ಹುಡುಗರ ಮೈ ತುಂಬಿಸಲು ಹುಟ್ಟಿದ ಊಟವನ್ನು ಅರವತ್ತು ವರ್ಷದ ನಂತರ ಜನರಲ್‌ಗಳು ಬೊಜ್ಜಿನ ವಿರುದ್ಧ ತಿದ್ದಬೇಕಾಗಿ ಬಂದದ್ದು ಹೀಗೆ. 2010ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯಿದೆ ಶಾಲಾ ಊಟದಲ್ಲಿ ಹಣ್ಣು, ತರಕಾರಿ, ಇಡಿಧಾನ್ಯ ಹೆಚ್ಚಿಸಿ ಉಪ್ಪಿಗೆ ಮಿತಿ ತರುವ ನಿಯಮಗಳಿಗೆ ದಾರಿ ಮಾಡಿತು.

ಹಾಗಾದರೆ ಬೊಜ್ಜಿನಿಂದ ಸೇನಾ ಭರ್ತಿಗೆ ನಿಜಕ್ಕೂ ಅಪಾಯವಿದೆಯೆ? ನನ್ನ ಅಭಿಪ್ರಾಯದಲ್ಲಿ ಅರ್ಧ ನಿಜ, ಅರ್ಧ ಉತ್ಪ್ರೇಕ್ಷೆ. 2020ರ ಅಮೆರಿಕದ ರಕ್ಷಣಾ ಇಲಾಖೆಯ ಅಧ್ಯಯನದಂತೆ 17ರಿಂದ 24ರ ವಯಸ್ಸಿನವರಲ್ಲಿ ಶೇ. 77 ಮಂದಿ ವಿಶೇಷ ವಿನಾಯಿತಿಯಿಲ್ಲದೆ ಸೇನೆಗೆ ಅರ್ಹರಲ್ಲ. ಭಯ ಹುಟ್ಟಿಸುವ ಅಂಕಿ. ಆದರೆ ಕೇವಲ ತೂಕದ ಕಾರಣಕ್ಕೆ ಅನರ್ಹರಾದವರು ಶೇ. 11, ಹೆಚ್ಚಿನವರಿಗೆ ಒಂದಕ್ಕಿಂತ ಹೆಚ್ಚು ಕಾರಣಗಳಿದ್ದವು. 2022ರಲ್ಲಿ ಅಮೆರಿಕದ ಭೂಸೇನೆಗೆ 60,000 ಮಂದಿ ಬೇಕಿದ್ದಾಗ 15,000 ಮಂದಿ ಕಡಿಮೆ ಬಿದ್ದರು. ಆ ವರ್ಷವೇ ಆಗಸ್ಟಿನಲ್ಲಿ ದಕ್ಷಿಣ ಕ್ಯಾರೊಲಿನಾದ ಫೋರ್ಟ್ ಜ್ಯಾಕ್ಸನ್‌ನಲ್ಲಿ, ತೂಕ ಹೆಚ್ಚಿದ್ದವರಿಗೆ ಮತ್ತು ಲಿಖಿತ ಪರೀಕ್ಷೆಯಲ್ಲಿ ಹಿಂದುಳಿದವರಿಗೆ 90 ದಿನಗಳವರೆಗಿನ ಪೂರ್ವತಯಾರಿ ತರಬೇತಿ ತೆರೆಯಲಾಯಿತು. 2024ರಲ್ಲಿ ಭೂಸೇನೆ ತನ್ನ ಗುರಿ ಮುಟ್ಟಿತು. ಅಂದರೆ, ಅನ್ನವೂ ಆಟವೂ ಕ್ರಮವಾಗಿ ಸಿಕ್ಕರೆ ‘ಅಯೋಗ್ಯ’ರೆಂದು ಬಾಗಿಲಿಂದ ಹೊರಗಟ್ಟಿದ ಎಷ್ಟೋ ಮಕ್ಕಳು ಕೆಲವು ವಾರಗಳಲ್ಲೇ ಯೋಗ್ಯರಾಗುತ್ತಾರೆ. ಬ್ರಾಡ್‌ಫರ್ಡಿನ ಗೆರೆ ಹೇಳಿದ್ದೂ ಇದನ್ನೇ.

ನನಗೆ ನಿಜವಾಗಿ ಕಳವಳ ತರುವುದು ಬೇರೆ. ಸೈನಿಕನಾಗಬಲ್ಲ ಎಂಬ ಕಾರಣಕ್ಕೆ ಮಗುವಿಗೆ ಊಟ ಕೊಟ್ಟರೆ, ಸೈನಿಕನಾಗದ ಮಗುವಿನ ಗತಿಯೇನು? ಕಣ್ಣು ಕಾಣದ, ಕಾಲು ಸೋತ ಮಗು? 1904ರಲ್ಲಿ ಯಾವ ಭರ್ತಿ ಕಚೇರಿಯೂ ತೂಗದ ಹೆಣ್ಣುಮಗು?

ನಮ್ಮ ದೇಶದ ಚರಿತ್ರೆ ಇಲ್ಲಿ ಬೇರೆ ದಾರಿ ಹಿಡಿದಿದೆ. ಭಾರತದಲ್ಲಿ ಸೇನೆಗೆ ಸೇರಬಯಸುವವರಿಗೆ ಕೊರತೆಯಿಲ್ಲ. 2022ರಲ್ಲಿ ಅಗ್ನಿಪಥ್ ಯೋಜನೆಯಡಿ ವಾಯುಪಡೆಯೊಂದಕ್ಕೇ ಸುಮಾರು ಏಳೂವರೆ ಲಕ್ಷ ಅರ್ಜಿಗಳು ಬಂದವು. ನಮ್ಮ ಮಕ್ಕಳ ಬಿಸಿಯೂಟ ಸೇನೆಯ ತಕ್ಕಡಿಯಿಂದ ಬಂದದ್ದಲ್ಲ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ದೇಶದೆಲ್ಲೆಡೆ ಬಲಪಡೆದದ್ದು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಹುಡುಗ, ಹುಡುಗಿ, ಕನ್ನಡ ಶಾಲೆ, ಉರ್ದು ಶಾಲೆ ಎನ್ನದೆ ಎಲ್ಲರಿಗೂ ಅದೇ ಅನ್ನ ಸಾರು. ಇದು ನಾವು ಹೆಮ್ಮೆಪಡಬೇಕಾದ ವಿಷಯ.

ಆದರೆ ತಕ್ಕಡಿ ನಮ್ಮಲ್ಲೂ ಮಾತಾಡುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಶೇ. 30ರಷ್ಟು ಮಂದಿಗೆ ತೂಕ ಹೆಚ್ಚು; ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಬ್ರಿಟನ್ನಿನ 1899 ಮತ್ತು ಅಮೆರಿಕದ 2010 ನಮ್ಮಲ್ಲಿ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ವಾಸವಾಗಿವೆ. ಬಿಸಿಯೂಟ ಉಂಡು ಕೈತೊಳೆದ ಮಗು ಗೇಟಿನಾಚೆ ಓಡಿ ಐದು ರೂಪಾಯಿಯ ಕುರುಕುರು ಪ್ಯಾಕೆಟ್ ತರುವುದನ್ನು ನೀವೂ ಕಂಡಿದ್ದೀರಿ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. 50 ಮೀಟರ್ ಎಂದರೆ ದೊಡ್ಡವರ ಸುಮಾರು ಎಪ್ಪತ್ತು ಹೆಜ್ಜೆ. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ ಒಮ್ಮೆ ಎಣಿಸುತ್ತ ನಡೆದು, ದಾರಿಯಲ್ಲಿ ಎಷ್ಟು ಅಂಗಡಿ ಸಿಗುತ್ತವೆ ನೋಡಿ.