ಕಾರ್ಲೈಲ್ ಉಳಿಯಿತು, ಸ್ಕಾರ್ಬರೋ ಇಳಿಯಿತು

ಮಕ್ಕಳೇ, ನಮ್ಮ ಕಾಲದಲ್ಲಿ ಫೇಲಾದವನು ಅದೇ ತರಗತಿಯಲ್ಲಿ ಕೂರುತ್ತಿದ್ದ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹಾಗಲ್ಲ, ಪಟ್ಟಿಯ ತಳದಲ್ಲಿ ಉಳಿದ ತಂಡವನ್ನು ಕೆಳದರ್ಜೆಗೇ ಕಳಿಸುತ್ತಾರೆ.

1999ರ ಮೇ 8. ಲೀಗಿನಿಂದಲೇ ಹೊರಬೀಳುವ ಭಯ ಕಾರ್ಲೈಲ್ ಮತ್ತು ಸ್ಕಾರ್ಬರೋ ತಂಡಗಳಿಗೆ. ಕಾರ್ಲೈಲ್ 1928ರಿಂದ ಲೀಗಿನಲ್ಲಿದ್ದ ತಂಡ. ಸ್ಕಾರ್ಬರೋದ ಪಂದ್ಯ 1-1ರಲ್ಲಿ ಮುಗಿದಿತ್ತು. ಉಳಿದೆವೆಂದು ಅಭಿಮಾನಿಗಳು ಕುಣಿಯುತ್ತಿದ್ದರು. ಅತ್ತ ಕಾರ್ಲೈಲ್ ಕೂಡ ಪ್ಲಿಮತ್ ವಿರುದ್ಧ 1-1. ಉಳಿದದ್ದು ಕೆಲವೇ ಕ್ಷಣ, ಒಂದು ಕಾರ್ನರ್ ಕಿಕ್. ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲು ಬಿಟ್ಟು ಮುಂದಕ್ಕೆ ಓಡಿದ. ಅವನು ಸ್ವಿಂಡನ್‌ನಿಂದ ಎರವಲು ಬಂದವನು, ಕಾರ್ಲೈಲ್‌ಗೆ ಆಡಿದ್ದು ಬರೀ ಮೂರು ಪಂದ್ಯ! ಚೆಂಡು ಕಾಲಿಗೆ ಸಿಕ್ಕಿತು, ಒದ್ದ, ಗೋಲು. ಜನ ಮೈದಾನಕ್ಕೆ ನುಗ್ಗಿದರು.

ಸ್ಕಾರ್ಬರೋದ ಕುಣಿತ ನಿಂತಿತು. ಸಾಲದಲ್ಲಿ ಮುಳುಗಿ 2007ರಲ್ಲಿ ಆ ಕ್ಲಬ್ಬೇ ಮುಚ್ಚಿಹೋಯಿತು. ಕಾರ್ಲೈಲ್ ಕೂಡ 2004ರಲ್ಲಿ ಇಳಿಯಿತು, ಮರುವರ್ಷ ಮೇಲೆ ಬಂತು. ಗ್ಲಾಸ್ ಮುಂದೆ ಟ್ಯಾಕ್ಸಿ ಓಡಿಸಿದ.