ಚೀಟಿ ಬರೆಸಿ ಕೂತವರ ಚರಿತ್ರೆ

ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳನ್ನು ತಿರುವಿ ಹಾಕಿದರೆ ವೈದ್ಯಕೀಯ ಇಲಾಖೆಯ ಪುಟಗಳಲ್ಲಿ ಅಂಕಿಗಳದೇ ದರ್ಬಾರು. ಆಸ್ಪತ್ರೆಗಳೆಷ್ಟು, ಡಿಸ್ಪೆನ್ಸರಿಗಳೆಷ್ಟು, ಒಳರೋಗಿಗಳೆಷ್ಟು, ಹೊರರೋಗಿಗಳೆಷ್ಟು, ದೇವಿ ಹಾಕಿಸಿಕೊಂಡವರೆಷ್ಟು, ಖರ್ಚಾದ ಹಣವೆಷ್ಟು, ಎಲ್ಲದಕ್ಕೂ ಲೆಕ್ಕವಿದೆ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಹಬ್ಬ ಬೇಕೇ? ಆದರೆ ಒಂದು ಕಾಲಂ ಮಾತ್ರ ಎಲ್ಲೂ ಸಿಗುವುದಿಲ್ಲ. ಹೀಗೆ ಚಿಕಿತ್ಸೆ ಪಡೆದವರು ಅದಕ್ಕಾಗಿ ಎಷ್ಟು ಹೊತ್ತು ಕಾದು ಕೂತಿದ್ದರು ಎಂಬುದು. ವರದಿ ಬರೆದವರಿಗೆ ಅದು ಲೆಕ್ಕ ಇಡಬೇಕಾದ ಸಂಗತಿ ಎಂದೇ ತೋರಿರಲಿಲ್ಲ. ಆ ಇಲ್ಲದ ಕಾಲಂ ಬಗ್ಗೆಯೇ ಈ ಬರಹ.

ಮದ್ದೂರು ಮತ್ತು ಮಂಡ್ಯದ ನಡುವೆ, ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಹನಕೆರೆ ಎಂಬ ಊರಿದೆ. 1881-82ರ ಸುಮಾರಿಗೆ ಈ ದಾರಿಯಲ್ಲಿ ರೈಲು ಓಡತೊಡಗಿತು. ಇಂಥ ಊರುಗಳವರಿಗೆ ಸಣ್ಣಪುಟ್ಟ ಕಾಯಿಲೆಗೆ ಮಂಡ್ಯ ಇಲ್ಲವೇ ಮದ್ದೂರು, ದೊಡ್ಡದಕ್ಕೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಕೈಮೀರಿದರೆ 1900ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ವಿಕ್ಟೋರಿಯಾ. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. 2006ರಲ್ಲಿ ಮಂಡ್ಯಕ್ಕೆ ಮೆಡಿಕಲ್ ಕಾಲೇಜು, ಅಂದರೆ ಈಗಿನ ಮಿಮ್ಸ್ ಬಂತು. ಹೀಗೆ ನೂರಿಪ್ಪತ್ತು ವರ್ಷಗಳಲ್ಲಿ ಆಸ್ಪತ್ರೆಯ ದೂರ ಕಡಿಮೆಯಾಗುತ್ತಲೇ ಬಂದಿದೆ. ಕಾಯುವ ಹೊತ್ತು?

ಈ ಕಡೆಯ ಕೂಲಿ ಹೆಂಗಸೊಬ್ಬರನ್ನು ಕೇಳಿದಾಗ ಬಂದ ಉತ್ತರ ಇದು: "ಆಸ್ಪತ್ರೆಗೋದ್ರೆ ಅವತ್ತಿನ ಕೂಲಿ ಹೋಯ್ತು ಅನ್ಕೋ ಕಣಪ್ಪ. ಡಾಕ್ಟ್ರು ಬಂದವ್ರಾ ಅಂದ್ರೆ ಕೂತ್ಕಳಮ್ಮ ಅಂತಾರೆ. ಎಷ್ಟೊತ್ತಾಯ್ತದೆ ಅಂತ ಕೇಳಿದ್ರೆ ಮೈಮೇಲೆ ಬೀಳ್ತಾರೆ." ಅವರು ಹೇಳಿದ್ದು ದುಡ್ಡು ಕೊಟ್ಟು ತೋರಿಸುವ ಒಂದು ಖಾಸಗಿ ಕ್ಲಿನಿಕ್ಕಿನ ವಿಷಯ. ಅಂದರೆ ಇದು ಸರ್ಕಾರಿ ಆಸ್ಪತ್ರೆಗಳಷ್ಟೇ ಹೊರಬೇಕಾದ ದೂರಲ್ಲ.

ಹಿಂದಿನ ಕಾಲವೇ ಚೆನ್ನಾಗಿತ್ತು, ಪಂಡಿತರು ಮನೆಗೇ ಬಂದು ನಾಡಿ ಹಿಡಿಯುತ್ತಿದ್ದರು ಎನ್ನುವವರಿದ್ದಾರೆ. ಬರುತ್ತಿದ್ದರು, ಆದರೆ ಎಲ್ಲರ ಮನೆಗಲ್ಲ. ಕೇರಿಯವರು ಪಂಡಿತರ ಅಂಗಳದಾಚೆ ನಿಂತು, ದೂರದಿಂದಲೇ ನೋವು ಹೇಳಿಕೊಂಡು, ಮೇಲಿಂದ ಹಾಕಿದ ಪುಡಿಯನ್ನು ಸೆರಗೊಡ್ಡಿ ಹಿಡಿಯಬೇಕಿತ್ತು. ಅವರನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಡಿಸ್ಪೆನ್ಸರಿ ಬಂದಾಗ ಈ ಲೆಕ್ಕ ಕಾಗದದ ಮೇಲಾದರೂ ಬದಲಾಯಿತು. ಮೊದಲು ಬಂದವರಿಗೆ ಮೊದಲ ಚೀಟಿ. ಗೌಡರ ಮಗನ ಮುಂದೆ ಕೂಲಿಯವನ ಹೆಂಡತಿ ನಿಂತಿದ್ದರೆ ಅವಳೇ ಮೊದಲು ಒಳಗೆ ಹೋಗಬೇಕು. ಹಳ್ಳಿಯ ಚರಿತ್ರೆಯಲ್ಲಿ ಇದು ಸಣ್ಣ ಮಾತಲ್ಲ. ಸರದಿ ಎಂಬುದು ಹೊಸ ರಾಜ್ಯವ್ಯವಸ್ಥೆ ಬಡವರಿಗೆ ಕೊಟ್ಟ ಒಂದು ಮಾತು.

ಮಾತು ಕೊಟ್ಟದ್ದು ನಿಜ, ಉಳಿಸಿಕೊಂಡದ್ದಕ್ಕೆ ಸಾಕ್ಷಿ ಇಡಲಿಲ್ಲ. ಹೊತ್ತಿನ ದಾಖಲೆಯೇ ಇಲ್ಲದಿರುವಾಗ ಹಿಂಬಾಗಿಲಿನಿಂದ ಯಾರು ಹೋದರು, ಬೆಂಚಿನ ಮೇಲೆ ಯಾರು ಉಳಿದರು ಎಂದು ಹೇಳುವುದು ಹೇಗೆ? "ನಮ್ಮೋರು, ಸ್ವಲ್ಪ ನೋಡ್ಬಿಡಿ" ಎಂಬ ಒಂದು ಮಾತಿನಲ್ಲಿ ಹಳೆಯ ಅಂಗಳ ಮತ್ತೆ ಎದ್ದು ನಿಲ್ಲುತ್ತದೆ.

1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಈ ಸೀಮೆಗೆ ನೀರು ತಂದಿತು. ನೀರಿನ ಹಿಂದೆ ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಜೊತೆಗೆ ಸೊಳ್ಳೆಯೂ ಬಂತು. ಮಲೇರಿಯಾ ತಡೆಯಲು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ತಜ್ಞರ ನೆರವು ಪಡೆಯಿತು. ಗುಲ್ಮ ಊದಿಕೊಂಡ ಮಕ್ಕಳನ್ನು ಎಣಿಸಿದರು, ಸೊಳ್ಳೆ ಮರಿಗಳನ್ನು ಹುಡುಕಿದರು, ಕ್ವಿನೈನ್ ಹಂಚಿದರು. ಆ ಕಾಲದ ಆರೋಗ್ಯಾಡಳಿತದ ಶ್ರದ್ಧೆ ದೊಡ್ಡದು, ಅದನ್ನು ಅಲ್ಲಗಳೆಯಬಾರದು. ಆದರೆ ದಿನ ಬಿಟ್ಟು ದಿನ ಹೊತ್ತಿಗೆ ಸರಿಯಾಗಿ ಏರುವ ಚಳಿಜ್ವರಕ್ಕೆ ಗಡಿಯಾರವಿತ್ತು, ಅದನ್ನು ಹೊತ್ತು ತಂದವನ ಸರದಿಗೆ ಇರಲಿಲ್ಲ. ಮಿಕ್ಸ್ಚರ್ ತುಂಬಿಸಿಕೊಳ್ಳಲು ಮನೆಯಿಂದಲೇ ಸೀಸೆ ತಂದು ಕಾಂಪೌಂಡರನ ಕಿಟಕಿ ಮುಂದೆ ನಿಂತವನ ಹೊತ್ತು ಯಾವ ಕೋಷ್ಟಕಕ್ಕೂ ಸೇರಲಿಲ್ಲ.

1943ರಲ್ಲಿ ನೇಮಕವಾದ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಯ ತಳಪಾಯ ಅದೇ. ಕೆಲವು ಡಿಸ್ಪೆನ್ಸರಿಗಳಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುತ್ತಿದ್ದ ಸಮಯ ಒಂದು ನಿಮಿಷದ ಆಸುಪಾಸು ಎಂಬುದನ್ನು ಸಮಿತಿ ಗಮನಿಸಿತ್ತು. ಎಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಬಿಎಂಜೆ ಓಪನ್ ಪತ್ರಿಕೆಯಲ್ಲಿ 67 ದೇಶಗಳ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದು ಬಂತು. ಸ್ವೀಡನ್ನಿನ ವೈದ್ಯರು ಒಬ್ಬ ರೋಗಿಯ ಜೊತೆ 22.5 ನಿಮಿಷ ಕಳೆದರೆ, ಭಾರತದಲ್ಲಿ ಅದು ಸುಮಾರು ಎರಡು ನಿಮಿಷ. ಭೋರ್ ವರದಿಯ ನಂತರದ ಯೋಜನೆಗಳಲ್ಲಿ ನಾವು ತಲೆ ಎಣಿಸಿದೆವು, ದೂರ ಅಳೆದೆವು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ. ಬೆಂಚಿನ ಮೇಲೆ ಕೂತವರ ಹೊತ್ತು ಈ ಅಳತೆಗೋಲಿಗೆ ದಕ್ಕಲಿಲ್ಲ.

"ಜನ ಜಾಸ್ತಿ, ಡಾಕ್ಟ್ರು ಕಮ್ಮಿ, ಕಾಯದೆ ಇನ್ನೇನು?" ಎಂಬುದು ಇದಕ್ಕೆ ಸಿದ್ಧ ಉತ್ತರ. ಅದರಲ್ಲಿ ಸತ್ಯವಿದೆ. ಚೀಟಿ ಬರೆಯುವ ಹುಡುಗಿಯೂ ಬೆಳಗಿನಿಂದ ಒಂದೇ ಪ್ರಶ್ನೆಗೆ ನೂರು ಸಲ ಉತ್ತರಿಸಿ ಸೋತಿರುತ್ತಾಳೆ. ಆದರೆ ಅದು ಪೂರ್ತಿ ಸತ್ಯವಲ್ಲ. ಇಂಗ್ಲೆಂಡಿನಲ್ಲಿ 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಬಂದ ಮೇಲೆ ಅಲ್ಲಿಯೂ ಇದೇ ಸಮಸ್ಯೆ ಕಣ್ಣಿಗೆ ಬಿತ್ತು. 1952ರಲ್ಲಿ ವೆಲ್ಚ್ ಮತ್ತು ಬೈಲಿ ಎಂಬಿಬ್ಬರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ಗಣಿತದ ಲೆಕ್ಕವಾಗಿ ಬಿಡಿಸಿದರು. ಎಲ್ಲರನ್ನೂ ಒಂದೇ ಹೊತ್ತಿಗೆ ಕರೆದು ಕೂರಿಸುವುದು ವೈದ್ಯರ ಒಂದು ಗಳಿಗೆಯೂ ಖಾಲಿ ಹೋಗದಿರಲೆಂದು. ಅದಕ್ಕೆ ಬದಲಾಗಿ ಮೊದಲಿಗೆ ಒಂದಿಬ್ಬರನ್ನು ಕರೆದು, ಉಳಿದವರಿಗೆ ಅಂತರವಿಟ್ಟು ಹೊತ್ತು ಕೊಟ್ಟು, ವೈದ್ಯರೂ ಹೊತ್ತಿಗೆ ಸರಿಯಾಗಿ ಬಂದರೆ, ಅವರ ಕೆಲಸ ಹೆಚ್ಚು ಕೆಡದೆ ರೋಗಿಗಳ ಕಾಯುವಿಕೆ ಬಹಳ ಇಳಿಯುತ್ತದೆ. ಅಂದರೆ ಕಾಯುವಿಕೆಯ ಒಂದು ಪಾಲು ಜನಸಂಖ್ಯೆಯಿಂದ ಬಂದದ್ದು. ಇನ್ನೊಂದು ಪಾಲು, ಯಾರ ಹೊತ್ತಿಗೆ ಬೆಲೆ ಎಂಬ ತೀರ್ಮಾನದಿಂದ ಬಂದದ್ದು.

ನಮ್ಮ ಕಾನೂನುಗಳಲ್ಲೂ ಇದೇ ತೀರ್ಮಾನದ ನೆರಳಿದೆ. 1995ರ ನವೆಂಬರಿನಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಣ ಕೊಟ್ಟು ಚಿಕಿತ್ಸೆ ಪಡೆಯುವವರು ಗ್ರಾಹಕರು ಎಂದು ಹೇಳಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಅದರ ಹೊರಗುಳಿದವು. 2017ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರು ಮುಷ್ಕರ ಹೂಡಿದರು. ಖಾಸಗಿ ಹೊರರೋಗಿ ವಿಭಾಗಗಳು ಮುಚ್ಚಿ, ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಆ ದಿನಗಳಲ್ಲಿ ಚರ್ಚೆಯೆಲ್ಲ ದರ ಮತ್ತು ಜೈಲುಶಿಕ್ಷೆಯ ಸುತ್ತ ಸುತ್ತಿತು. ಸಾಲಿನಲ್ಲಿದ್ದವರ ಹೊತ್ತು ಮುನ್ನೆಲೆಗೆ ಬರಲಿಲ್ಲ.

ಹಾಗೆಂದು ಪ್ರಜೆಯ ಹೊತ್ತಿಗೆ ಬೆಲೆ ಕಟ್ಟುವುದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. 2011ರ ಸಕಾಲ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಒಪ್ಪಿಕೊಂಡ ತತ್ವ ದೊಡ್ಡದು. ಜಾತಿ ಪ್ರಮಾಣಪತ್ರಕ್ಕೆ ಕಾಯುವವನ ಹೊತ್ತು ಲೆಕ್ಕಕ್ಕಿದೆ. ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳದು?

ಇಲ್ಲಿ ಒಂದು ಎದುರುಮಾತನ್ನೂ ಹೇಳಬೇಕು, ಅದೂ ಮಂಡ್ಯದ್ದೇ. 'ಐದು ರೂಪಾಯಿ ಡಾಕ್ಟ್ರು' ಎಂದೇ ಹೆಸರಾದ ಚರ್ಮರೋಗ ತಜ್ಞ ಡಾ. ಶಂಕರೇಗೌಡರ ಮುಂದೆ ದಶಕಗಳಿಂದ ಉದ್ದುದ್ದ ಸಾಲು. ಹೊರಜಿಲ್ಲೆಗಳಿಂದಲೂ ಜನ ಬಂದು ಕಾಯುತ್ತಾರೆ. ಆದರೂ ಜನರ ಬಾಯಲ್ಲಿ ಅವರ ಹೆಸರು ಬರುವುದು ಅಕ್ಕರೆಯಿಂದಲೇ. ಕಾಯುವುದೇ ತಪ್ಪಾಗಿದ್ದರೆ ಹೀಗಾಗುತ್ತಿತ್ತೇ? ಬಹುಕಾಲ ಅವರು ರೋಗಿಗಳನ್ನು ನೋಡಿದ್ದು ಬೀದಿಗೆ ಕಾಣುವಂತೆ, ಬಯಲಲ್ಲಿ ಕೂತು. ಡಾಕ್ಟ್ರು ಬಂದಿದ್ದಾರೋ ಇಲ್ಲವೋ, ಸಾಲು ಎಲ್ಲಿದೆ, ಯಾರು ಮುಂದೆ ಹೋದರು, ಎಲ್ಲವೂ ಕಣ್ಣೆದುರಿಗೆ. ಕಾಯುವವರನ್ನು ಕೆರಳಿಸುವುದು ಹೊತ್ತಿಗಿಂತ ಹೆಚ್ಚಾಗಿ ಏನೂ ಗೊತ್ತಾಗದಿರುವುದು, ಕೇಳಿದರೆ ಗದರಿಸಿಕೊಳ್ಳುವುದು, ತಮ್ಮ ಸರದಿ ಕದ್ದುಹೋಗುವುದು.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಒಂದು ದಿನದ ಕೂಲಿ ಕಳೆದುಕೊಂಡವಳು ಎರಡನೇ ಸಲ ತೋರಿಸಲು ಬರುವುದಿಲ್ಲ. ಬಿಪಿ ಮಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ಕಾಯಿಸದೆ ಸೂಜಿ ಚುಚ್ಚಿ ಕಳಿಸುವ ಅಳಲೆಕಾಯಿ ಪಂಡಿತನ ಬಾಗಿಲು ಹತ್ತಿರವೇ ಇರುತ್ತದೆ. ಆಸ್ಪತ್ರೆಯ ಬೆಂಚು ಹೀಗೆ ಸದ್ದಿಲ್ಲದೆ ಕಾಯಿಲೆಯನ್ನು ಬೆಳೆಸುತ್ತದೆ.

ಮದ್ದು ದುಬಾರಿಯದಲ್ಲ. ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಈಗಲೇ ಇವೆ. ಚೀಟಿ ಬರೆಸಿದ ಹೊತ್ತು ಮತ್ತು ವೈದ್ಯರು ನೋಡಿದ ಹೊತ್ತು ಎಂಬ ಎರಡು ಗೆರೆ ಸೇರಿದರೆ ಸಾಕು. ತಿಂಗಳ ಕೊನೆಗೆ ಆ ಅಂತರವನ್ನು ಗೋಡೆಗೆ ಅಂಟಿಸಲಿ, ಸರ್ಕಾರಿಯಲ್ಲೂ ಖಾಸಗಿಯಲ್ಲೂ. ಡಾಕ್ಟರ ಹುದ್ದೆ ಖಾಲಿ ಇದ್ದರೆ ಅದೂ ಆ ಅಂಕಿಯಲ್ಲೇ ಬಯಲಾಗುತ್ತದೆ. ದುಡಿಯುವ ಸಿಬ್ಬಂದಿಗೂ ಅದು ಸಾಕ್ಷಿಯಾಗುತ್ತದೆ. ಮುಂದೊಂದು ದಿನ ಮಂಡ್ಯದ ಆರೋಗ್ಯದ ಚರಿತ್ರೆ ಬರೆಯಲು ಕೂರುವವರಿಗೆ ಎಷ್ಟು ಜನ ಬಂದರು ಎಂಬುದರ ಪಕ್ಕದಲ್ಲಿ ಎಷ್ಟು ಹೊತ್ತು ಕಾದರು ಎಂಬ ಕಾಲಂ ಕೂಡ ಸಿಗಲಿ.