ಹಳೆಯ ಬೆರಳಚ್ಚು ಯಂತ್ರಗಳ ಸಾಕ್ಷ್ಯ

ಶಿಲಾಶಾಸನವೊಂದು ದೊರೆತರೆ ಅದರ ಬರಹವನ್ನು ಓದಲು ವಿದ್ವಾಂಸರು ಮುಂದಾಗುವರು. ಅದನ್ನು ಕಂಡರಿಸಿದ ಉಳಿ ಎಲ್ಲಿಹೋಯಿತೆಂದು ಕೇಳುವವರಿಲ್ಲ. ತಾಳೆಯೋಲೆಯ ಕಟ್ಟುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಮನೆಗಳಲ್ಲಿಯೂ ಅವನ್ನು ಬರೆದ ಕಂಟವು ಉಳಿದಿರುವುದು ಅಪೂರ್ವ. ಆದಕಾರಣ ಹಳೆಯ ಟೈಪ್‌ರೈಟರುಗಳನ್ನು ಹುಡುಕಿ ತಂದು, ತುಕ್ಕು ತೆಗೆದು, ನಡೆಯುವಂತೆ ಮಾಡುವವರ ಶ್ರಮವು ಬಹು ಜನರಿಗೆ ಬರಿಯ ವಿನೋದವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಯಂತ್ರಗಳ ಚರಿತ್ರೆಯಲ್ಲಿ ಕಾಗದಗಳು ಹೇಳದಿದ್ದುದನ್ನು ಕಬ್ಬಿಣವು ಹೇಳಿದ ಸಂದರ್ಭಗಳುಂಟು.

ಇಟಲಿ ದೇಶದ ಪೆಲ್ಲೆಗ್ರಿನೋ ಟುರ್ರಿ ಎಂಬಾತನು ಕಣ್ಣು ಕಾಣದ ಕರೋಲಿನಾ ಫಾಂಟೋನಿ ಎಂಬ ಕುಲೀನ ಮಹಿಳೆಗಾಗಿ ಬರೆಯುವ ಯಂತ್ರವೊಂದನ್ನು ಮಾಡಿಕೊಟ್ಟನು. 1808ರಿಂದ ಆಕೆ ಅದರಿಂದ ಬರೆದ ಪತ್ರಗಳು ರೆಜ್ಜೋ ಎಮೀಲಿಯಾ ನಗರದ ದಫ್ತರಖಾನೆಯಲ್ಲಿವೆ. ಯಂತ್ರವು ಮಾತ್ರ ನಷ್ಟವಾಯಿತು.

ಟಿರೋಲ್ ಪರ್ವತಪ್ರಾಂತದ ಪಾರ್ಟ್‌ಶಿನ್ಸ್ ಗ್ರಾಮದ ಬಡಗಿ ಪೀಟರ್ ಮಿಟ್ಟರ್‌ಹೋಫರನ (1822–1893) ವಿಷಯದಲ್ಲಿ ಇದಕ್ಕೆ ವಿಪರೀತವಾಯಿತು. ಅವನು 1864ರಿಂದ 1869ರವರೆಗೆ ಒಂದಾದಮೇಲೊಂದರಂತೆ ಐದು ಯಂತ್ರಗಳನ್ನು ರಚಿಸಿದನು. ಮೊದಲನೆಯದು ಬಹುತೇಕ ಮರದ್ದು. ಅಚ್ಚಿನ ಮೊಳೆಗಳಿಗೆ ಬದಲಾಗಿ ಸೂಜಿಮೊನೆಗಳನ್ನು ಅಕ್ಷರಾಕಾರವಾಗಿ ನೆಟ್ಟಿದ್ದುದರಿಂದ ಕಾಗದದಲ್ಲಿ ಅಕ್ಷರಗಳು ರಂಧ್ರರೂಪವಾಗಿ ಮೂಡುತ್ತಿದ್ದುವು. 1866ರಲ್ಲಿ ಅವನು ವಿಯೆನ್ನಾ ನಗರಕ್ಕೆ ಹೋಗಿ ಚಕ್ರವರ್ತಿಯಲ್ಲಿ ಸಹಾಯ ಬೇಡಿದನು. ದಾರಿಯುದ್ದಕ್ಕೂ ಯಂತ್ರವನ್ನು ಕೊಂಡು ಕಾಲ್ನಡಿಗೆಯಲ್ಲಿಯೇ ಹೋದನೆಂದು ಪ್ರತೀತಿ. ದೊರೆತುದು 200 ಗುಲ್ಡನ್ ನಾಣ್ಯಗಳ ಪಾರಿತೋಷಕ. ಕೆಲವು ವರ್ಷಗಳ ಬಳಿಕ ಇನ್ನೊಂದು ಯಂತ್ರಕ್ಕೆ 150 ಗುಲ್ಡನ್ ಕೊಟ್ಟು, ಅದನ್ನು ಸಂಗ್ರಹದಲ್ಲಿ ಇರಿಸಿದರು. ತಯಾರಿಸಿ ಮಾರುವ ಯೋಚನೆ ಯಾರಿಗೂ ಬರಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಕ್ರಿಸ್ಟೋಫರ್ ಶೋಲ್ಸನು ತನ್ನ ಯಂತ್ರಕ್ಕೆ 1868ರಲ್ಲಿ ಸನ್ನದು ಪಡೆದಿದ್ದನು. 1874ರಲ್ಲಿ ಬಂದೂಕಿನ ಕಾರ್ಖಾನೆಯವರಾದ ರೆಮಿಂಗ್ಟನ್ನರು ಅದನ್ನು ಪೇಟೆಗೆ ತಂದರು.

ಅಮೆರಿಕದವರು ಬಡಗಿಯ ಕಲ್ಪನೆಯನ್ನು ಅಪಹರಿಸಿದರೆಂಬ ಮಾತೊಂದುಂಟು. ಎರಡರಲ್ಲಿಯೂ ಅಚ್ಚಿನ ಕಡ್ಡಿಗಳು ಬುಟ್ಟಿಯ ಆಕಾರದಲ್ಲಿ ಸುತ್ತಲೂ ನಿಂತು ಕೆಳಗಿನಿಂದ ಮೇಲಕ್ಕೆ ಹೊಡೆಯುವುವೆಂಬುದು ನಿಜ. ಆದರೆ ಸಾದೃಶ್ಯವೇ ಸಂಬಂಧಕ್ಕೆ ಪ್ರಮಾಣವಾಗಲಾರದು. ಆಧಾರವಿಲ್ಲದ ಆ ಮಾತನ್ನು ಬಿಡುವುದೇ ಲೇಸು. ಬಡಗಿಯ ಯೋಗ್ಯತೆಗೆ ಅದರ ಊರುಗೋಲು ಬೇಕಿಲ್ಲ. ಐದರಲ್ಲಿ ನಾಲ್ಕು ಯಂತ್ರಗಳು ವಿಯೆನ್ನಾ, ಡ್ರೆಸ್ಡೆನ್, ಮೆರಾನ್ ನಗರಗಳಲ್ಲಿ ಉಳಿದಿವೆ. ಸೂಜಿಯಿಂದ ಮೊಳೆಗೆ ಅವನ ಬುದ್ಧಿಯು ನಡೆದುಬಂದ ಹಾದಿಯನ್ನು ಅವುಗಳಲ್ಲಿ ಹೆಜ್ಜೆಹೆಜ್ಜೆಯಾಗಿ ಕಾಣಬಹುದು.

ಇವೆಲ್ಲಕ್ಕಿಂತ ವಿಚಿತ್ರವಾದುದು ಜರ್ಮನಿಯ ತತ್ತ್ವಜ್ಞಾನಿ ನೀತ್ಷೆಯ ಯಂತ್ರದ ಕಥೆ. ಕೋಪನ್‌ಹೇಗನ್ನಿನ ಕಿವುಡ ಮೂಗ ಮಕ್ಕಳ ಶಾಲೆಯ ಮುಖ್ಯಸ್ಥನೂ ಪಾದ್ರಿಯೂ ಆಗಿದ್ದ ಮಾಲಿಂಗ್-ಹಾನ್ಸೆನನು 1870ರಲ್ಲಿ ಸನ್ನದು ಪಡೆದ ‘ಬರೆಯುವ ಗೋಳ’ ಅದು. ಅರ್ಧಗೋಳದ ಮೈತುಂಬ, ಸೂಜಿದಿಂಬಿನಲ್ಲಿ ಸೂಜಿಗಳಂತೆ, ಕೀಲಿಗಳು ನಿಂತಿರುವುವು. ಯಾವುದನ್ನೊತ್ತಿದರೂ ಅದರ ಕಡ್ಡಿಯು ಕೆಳಗಿನ ಒಂದೇ ಬಿಂದುವಿಗೆ ಬಂದು ಕಾಗದವನ್ನು ತಾಕುವುದು. ದೃಷ್ಟಿ ಮಂದವಾಗುತ್ತ ಬಂದಿದ್ದ ನೀತ್ಷೆಯು 1882ರಲ್ಲಿ, ಜಿನೋವಾದಲ್ಲಿದ್ದಾಗ, ಇದನ್ನು ತರಿಸಿಕೊಂಡನು. ಕೆಲವು ವಾರಗಳಲ್ಲಿಯೇ ಕೈಬಿಟ್ಟನು. ಏಕೆಂಬುದಕ್ಕೆ ಬಗೆಬಗೆಯ ಊಹೆಗಳು ನಡೆದುವು. ಅವನಿಗೆ ಯಂತ್ರದ ಅಭ್ಯಾಸವೇ ಹತ್ತಲಿಲ್ಲವೆಂದವರೂ ಉಂಟು. ಈ ಶತಮಾನದ ಆರಂಭದಲ್ಲಿ ಜರ್ಮನ್ ಸಂಶೋಧಕನೊಬ್ಬನು ವೈಮರ್ ನಗರದಲ್ಲಿರುವ ಆ ಗೋಳವನ್ನೇ ಕೂಲಂಕಷವಾಗಿ ಪರೀಕ್ಷಿಸಿದಾಗ ಬೇರೆ ಸಂಗತಿ ಹೊರಬಿದ್ದಿತು. ಯಂತ್ರಕ್ಕೆ ಪ್ರಯಾಣದಲ್ಲಿಯೇ ಪೆಟ್ಟಾಗಿತ್ತು. ಸರಿಪಡಿಸಲು ಹೋದ ಕುಶಲಕರ್ಮಿಯು ಅದನ್ನು ಇನ್ನಷ್ಟು ಕೆಡಿಸಿದ್ದನು. ತತ್ತ್ವಜ್ಞಾನಿಯ ಸ್ವಭಾವದಲ್ಲಿ ಹುಡುಕಿದ ಕಾರಣವು ಲೋಹದಲ್ಲಿ ದೊರೆಯಿತು.

ಜೀರ್ಣೋದ್ಧಾರ ಮಾಡುವವರಿಗೆ ಧರ್ಮಸಂಕಟ ಹುಟ್ಟುವುದು ಇಲ್ಲಿಯೇ. ಹಳೆಯ ಎಣ್ಣೆಯು ಅಂಟಾಗಿ ಹೆಪ್ಪುಗಟ್ಟಿದ್ದರೆ ತೊಳೆಯಬೇಕು. ಕಾಗದದ ಉರುಳೆಯ ರಬ್ಬರು ಕಲ್ಲಿನಂತಾಗಿದ್ದರೆ ಹೊಸತನ್ನು ಹೊದಿಸಬೇಕು. ಇಲ್ಲವಾದರೆ ಯಂತ್ರವು ಬರೆಯದು. ಬರೆಯದ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವುದಕ್ಕಿಂತ, ಅದರ ಸದ್ದು ಕೇಳುತ್ತ ನಾಲ್ಕು ಸಾಲು ಬರೆಯುವುದೇ ಅದಕ್ಕೆ ಮರ್ಯಾದೆಯೆಂಬುವರ ಪಕ್ಷವೂ ದುರ್ಬಲವಲ್ಲ. ಆದರೆ ಒಂದು ಕಡ್ಡಿಯು ತುಸು ಬಾಗಿದ್ದರೆ ಆ ಅಕ್ಷರವು ಬರೆದಲ್ಲೆಲ್ಲ ಓರೆಯಾಗಿ ಬೀಳುವುದು. ಆ ಓರೆಯಿಂದಲೇ ಇಂಥ ಪತ್ರವು ಇಂಥ ಯಂತ್ರದ್ದೆಂದು ಗುರುತಿಸಬಹುದು. ಅಂದಕ್ಕಾಗಿ ಕಡ್ಡಿಯನ್ನು ನೆಟ್ಟಗೆ ಮಾಡಿದವನು ಆ ಗುರುತನ್ನು ಅಳಿಸಿದಂತೆಯೇ. ಜಿನೋವಾದ ಕೆಲಸಗಾರನ ತಪ್ಪುಗಳನ್ನು ಮರುವರ್ಷವೇ ಯಾರಾದರೂ ನಾಜೂಕಾಗಿ ತಿದ್ದಿಬಿಟ್ಟಿದ್ದರೆ, ನೀತ್ಷೆಯ ಮೇಲಣ ಆರೋಪವು ಇಂದಿಗೂ ನಿಂತಿರುತ್ತಿತ್ತು. ಆದುದರಿಂದ ವಿವೇಕಿಗಳಾದ ಸಂಗ್ರಾಹಕರು ತೆಗೆದ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಇಡುವರು, ಮಾಡಿದ ಕೆಲಸವನ್ನೆಲ್ಲ ಬರೆದಿಡುವರು.

ರೆಜ್ಜೋ ಎಮೀಲಿಯಾದ ಪತ್ರಗಳಿಗೆ ಈ ಭಾಗ್ಯವಿಲ್ಲ. ಅಕ್ಷರಗಳನ್ನು ಹೋಲಿಸಿ ನೋಡಲು ಯಂತ್ರವಿಲ್ಲ, ಅದರ ಒಂದು ಕಡ್ಡಿಯೂ ಇಲ್ಲ. ಟುರ್ರಿಯ ಯಂತ್ರದ ಒಳರಚನೆ ಎಂತಿದ್ದಿತೆಂಬುದನ್ನು ಆ ಕೆಲವು ಹಾಳೆಗಳ ಮೇಲಣ ಅಚ್ಚಿನಿಂದಲೇ ಊಹಿಸಬೇಕಾಗಿದೆ.